ಗುಂಜೋಟಿಯಲ್ಲಿ ನಾನು ಹೇಳದೆ ಬಿಟ್ಟ ಮಳೆ

ಕಲಬುರಗಿಯಿಂದ ಬೆಳಿಗ್ಗೆ ಹೊರಟ ಬಸ್ಸು ಆಳಂದ ದಾಟಿ ಉಮರ್ಗಾ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಫೆಬ್ರುವರಿ ಮುಗಿಯುತ್ತ ಬಂದಿತ್ತು. ದಾರಿಯ ಎರಡೂ ಬದಿಗೆ ಹಿಂಗಾರಿ ಜೋಳದ ಸುಗ್ಗಿ ನಡೆದಿತ್ತು. ಬಸ್ ಸ್ಟ್ಯಾಂಡಿನ ಎದುರು ಬಿಸಿ ಭಜಿ ತಿಂದು, ಚಹಾ ಕುಡಿದು, ಗುಂಜೋಟಿಯ ಕೆಂಪು ಬಸ್ಸು ಹತ್ತಿದೆ. ಮಹಾರಾಷ್ಟ್ರದ ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ಟಿಕೀಟು. ಕಂಡಕ್ಟರ್ ಮರಾಠಿಯಲ್ಲಿ ಕೇಳಿದ, ನಾನು ಕನ್ನಡದಲ್ಲಿ ಹೇಳಿದೆ, ಇಬ್ಬರಿಗೂ ತೊಂದರೆಯಾಗಲಿಲ್ಲ.

ಗಡಿಭಾಗದ ಕನ್ನಡ ರೈತರಿಗೆ ಫೋನಿನಲ್ಲಿ ಹವಾಮಾನದ ಮುನ್ಸೂಚನೆ ಕೇಳಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ. ಹವಾಮಾನ ಇಲಾಖೆಯಿಂದ ಬಂದ ವರದಿಯನ್ನು ಅವರ ಮಾತಿಗೆ ತಿರುಗಿಸಿ ನನ್ನ ದನಿಯಲ್ಲಿ ಓದುತ್ತೇನೆ. ಈ ಮಾಹಿತಿ ಜನರಿಗೆ ಹೇಗೆ ನೆರವಾಗಿದೆ ಎಂದು ಉದಗೀರದ ಒಂದು ಸಭೆಯಲ್ಲಿ ನಾನು ಮಾತಾಡಬೇಕಿತ್ತು. ಅದಕ್ಕೂ ಮೊದಲು ನಮ್ಮ ಕೇಳುಗರ ಒಂದು ಮನೆಯನ್ನಾದರೂ ಕಂಡುಬರೋಣ ಎಂದು ಗುಂಜೋಟಿಯ ಶರಣಪ್ಪನವರಿಗೆ ಫೋನು ಮಾಡಿದ್ದೆ.

ಮನೆಯ ಅಂಗಳದಲ್ಲಿ ನಾನು ಬಾಯಿ ತೆರೆದದ್ದೇ ತಡ, ಅವರ ಹೆಂಡತಿ ಮಹಾದೇವಿ ಒಳಗಿನಿಂದ ಓಡಿ ಬಂದರು. "ಅಯ್ಯ, ಫೋನಿನ್ಯಾಗ ಮಾತಾಡೋ ಅಕ್ಕಾರ ಇವ್ರೇ! ದನಿ ಕೇಳೇ ಗುರ್ತು ಹಿಡದೆ ನೋಡ್ರಿ."

ಅಕ್ಕಪಕ್ಕದವರೂ ಬಂದು ಕುಳಿತರು. ಮೂವತ್ತು ವರ್ಷದ ಹಿಂದಿನ ಭೂಕಂಪದಲ್ಲಿ ಬಿದ್ದ ಕಲ್ಲಿನ ಮನೆಯ ಜಾಗದಲ್ಲಿ ಕಟ್ಟಿದ ತಗಡಿನ ಮನೆ ಅದು. ಶರಣಪ್ಪನವರ ತಾಯಿ ನನ್ನ ಕೈ ಹಿಡಿದು ಕೇಳಿದರು. "ಭೂಮಿ ಅಳಗ್ಯಾಡೂದು ಮೊದಲ ತಿಳೀತದೇನವ್ವ ನಿಮಗ?"

"ಇಲ್ಲಮ್ಮ, ಅದು ಯಾರಿಗೂ ತಿಳಿಯೂದಿಲ್ಲ."

"ಹೋಗಲಿ ಬಿಡು, ಮಳಿ ಬರೂದರ ತಿಳೀತದಲ್ಲ. ಅಷ್ಟ ಸಾಕು."

ಆ ಮಾತು ಕೇಳಿ ನಾನು ಉಬ್ಬಿದೆ. ಇಷ್ಟು ವರ್ಷ ಮುಚ್ಚಿದ ಕೋಣೆಯಲ್ಲಿ ಓದಿದ್ದು ಇಲ್ಲಿ ಇಷ್ಟು ಜನರ ಬಾಯಲ್ಲಿ ಉಳಿದಿದೆಯಲ್ಲ ಎನ್ನಿಸಿತು.

ಊಟದ ಹೊತ್ತಿಗೆ ಮಾತು ಮರುದಿನದ ಕಡೆ ತಿರುಗಿತು. ಮಗಳು ಸುವರ್ಣಾಳನ್ನು ನಿಲಂಗಾಕ್ಕೆ ಕೊಟ್ಟಿದ್ದರು. ಆಕೆಗೆ ಚೊಚ್ಚಲ ಬಸಿರು, ಮರುದಿನ ಕುಬಸ ಮಾಡಿ ಉಡಿ ತುಂಬುವ ಶಾಸ್ತ್ರ. ಇತ್ತ ಕಿತ್ತ ಜೋಳವೆಲ್ಲ ಹೊಲದಲ್ಲಿ ಸಾಲುಸಾಲಾಗಿ ಬಿದ್ದಿತ್ತು. ಅದನ್ನು ಒಟ್ಟಿ ತಾಡಪತ್ರಿ ಮುಚ್ಚಲು ತಾನೂ ತಮ್ಮನೂ ಹಿಂದೆ ಉಳಿಯುತ್ತೇವೆ ಎಂದು ಶರಣಪ್ಪ. ಅಪ್ಪನೇ ಇಲ್ಲದೆ ಮಗಳ ಕುಬಸವೇ ಎಂದು ಮಹಾದೇವಿ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು.

"ನೀವೇ ಹೇಳ್ರಿ ಅಕ್ಕಾರ, ನಾಳಿಗಿ ಮಳಿ ಅದನೋ ಇಲ್ಲೋ?"

ಅಂದಿನ ವರದಿಯನ್ನು ನಾನು ಓದಿದ್ದೆ. ಬಹುತೇಕ ಒಣಹವೆ, ಒಂದೆರಡು ಕಡೆ ಗುಡುಗು ಸಹಿತ ಮಳೆಯ ಸಾಧ್ಯತೆ ಎಂದಿತ್ತು. ಆದರೆ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. 'ಸಾಧ್ಯತೆ' ಎಂದರೆ ಆ ಮುಖಗಳಲ್ಲಿದ್ದ ನಂಬಿಕೆ ಇಳಿದೀತು ಎನ್ನಿಸಿತು. "ಏನೂ ಚಿಂತಿ ಮಾಡಬ್ಯಾಡ್ರಿ. ಎಲ್ಲಾರೂ ಹೋಗಿ ಬರ್ರಿ" ಎಂದೆ. ಮಹಾದೇವಿ ನಕ್ಕು ನನ್ನ ತಾಟಿಗೆ ಇನ್ನೊಂದು ಕಟಕ ರೊಟ್ಟಿ ಹಾಕಿದರು.

ಮರುದಿನ ಒಂದೇ ಜೀಪಿನಲ್ಲಿ ಎಲ್ಲರೂ ಹೊರಟೆವು. ಉದಗೀರದ ದಾರಿಯಲ್ಲೇ ನಿಲಂಗಾ, ನೀವೂ ಕುಬಸ ನೋಡಿ ಮುಂದೆ ಹೋಗಿ ಎಂದು ಅವರೇ ನನ್ನನ್ನು ಕೂಡಿಸಿಕೊಂಡರು. ಆಕಾಶ ತೊಳೆದಿಟ್ಟಂತಿತ್ತು. ನಡುನಡುವೆ ಶರಣಪ್ಪನವರ ತಮ್ಮ ಹೊರಗೆ ತಲೆ ಹಾಕಿ "ಅಕ್ಕಾರ ಹೇಳಿದಂಗೇ ಅದ" ಎನ್ನುತ್ತಿದ್ದರು. ನಾನೂ ನಕ್ಕೆ.

ನಿಲಂಗಾದಲ್ಲಿ ಬೀಗರ ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಹಸಿರು ಸೀರೆ ಉಟ್ಟು, ಕೈ ತುಂಬ ಹಸಿರು ಬಳೆ ತೊಟ್ಟು ಸುವರ್ಣಾ ಕುಳಿತಿದ್ದಳು. ಅಪ್ಪನನ್ನು ಕಂಡು ಆಕೆಯ ಕಣ್ಣು ತುಂಬಿತು. ಊಟಕ್ಕೆ ಹೋಳಿಗೆ, ತುಪ್ಪ, ಕಟ್ಟಿನ ಸಾರು. ಮಹಾದೇವಿ ನನ್ನ ಉಡಿಯಲ್ಲಿ ಕುಬಸದ ಖಣ ಹಾಕಿ, ಬೀಗರಿಗೆ ಕೇಳುವಂತೆ ಹೇಳಿದರು. "ಇವರ ಮಾತಿನ ಮ್ಯಾಲ ನಾವು ಮನಿ ಮಂದಿಯೆಲ್ಲ ಬಂದೀವಿ ನೋಡ್ರಿ."

ಖಣ ಇನ್ನೂ ಉಡಿಯಲ್ಲೇ ಇತ್ತು. ಶರಣಪ್ಪನವರ ಫೋನು ರಿಂಗಾಯಿತು. ಗುಂಜೋಟಿಯ ನೆರೆಮನೆಯವರು ಮರಾಠಿಯಲ್ಲಿ ಕೂಗಿ ಹೇಳುತ್ತಿದ್ದುದು ನನಗೂ ಕೇಳಿಸಿತು. "ಗಾರಾ ಪಡಲ್ಯಾ, ಗಾರಾ!" ಆಣೆಕಲ್ಲಿನ ಮಳೆ ಬಿದ್ದಿತ್ತು.

ಶರಣಪ್ಪ ಫೋನು ಜೇಬಿಗೆ ಹಾಕಿಕೊಂಡು ಸುಮ್ಮನೆ ಕೈ ತೊಳೆಯಲು ಎದ್ದರು. ನಿಲಂಗಾದಲ್ಲಿ ಆಗಲೂ ಬಿಸಿಲಿತ್ತು. ಯಾರೂ ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡುತ್ತಿಲ್ಲ ಎಂದು ತಿಳಿಯಿತು. ತಾಟಿನಲ್ಲಿದ್ದ ಹೋಳಿಗೆಯನ್ನು ತಿನ್ನಲೂ ಆಗದೆ ಬಿಡಲೂ ಆಗದೆ ಕುಳಿತೆ.

ಗುಂಜೋಟಿಗೆ ಮರಳಲು ಜೀಪು ಹೊರಡುವಾಗ ಮಹಾದೇವಿ ಹೇಳಿದರು, "ನೀವು ಉದಗೀರಕ್ಕ ಹೋಗ್ರಿ ಅಕ್ಕಾರ. ನಾಳಿ ನಿಮ್ಮ ಸಭಾ ಅದ."

"ನಾನೂ ಬರ್ತೀನಿ" ಎಂದು ಹತ್ತಿ ಕುಳಿತೆ.

ಹೊಲದಲ್ಲಿ ಆಣೆಕಲ್ಲು ಕರಗಿ ನೀರು ನಿಂತಿತ್ತು. ಮುತ್ತಿನಂಥ ತೆನೆಗಳು ಎರೆಮಣ್ಣಿನ ಕೆಸರಿನಲ್ಲಿ ಹೂತಿದ್ದವು. ಎಲ್ಲರೂ ಸೆರಗು, ಧೋತರ ಎತ್ತಿ ಕಟ್ಟಿ ಕೆಸರಿಗಿಳಿದರು. ನಾನೂ ಇಳಿದೆ. ತೆನೆ ಮುರಿಯಲು ನನಗೆ ಬರುತ್ತಿರಲಿಲ್ಲ, ಅವರು ಮುರಿದದ್ದನ್ನು ಬುಟ್ಟಿಯಲ್ಲಿ ಬದುವಿಗೆ ಹೊತ್ತೆ.

ಕತ್ತಲಾಗುವ ಮುಂಚೆ ಶರಣಪ್ಪನವರ ಹತ್ತಿರ ಹೋಗಿ ಹೇಳಿದೆ. "ವರದಿಯೊಳಗ ಮಳಿ ಬರಬಹುದು ಅಂತ ಇತ್ರಿ. ನಾನೇ ನಿಮಗ ಹೇಳ್ಲಿಲ್ಲ."

ಅವರು ಕೈಯಲ್ಲಿದ್ದ ತೆನೆಯ ಮಣ್ಣು ಒರೆಸುತ್ತ ನನ್ನ ಮುಖ ನೋಡಿದರು. "ಯಾಕ್ರಿ?" ಎಂದರು.

ನಾನು ತುಂಬಿದ ಬುಟ್ಟಿ ಎತ್ತಿಕೊಂಡು ಬದುವಿನ ಕಡೆ ನಡೆದೆ. ಅವರು ಮತ್ತೆ ಬಗ್ಗಿ ಕೆಲಸಕ್ಕೆ ಹತ್ತಿದರು. ಬೈದಿದ್ದರೆ ಹಗುರಾಗುತ್ತಿತ್ತು. ಆ ರಾತ್ರಿಯೂ ಅವರ ಮನೆಯಲ್ಲೇ ನನಗೆ ಊಟ, ಹಾಸಿಗೆ.

ಮೂರನೆಯ ದಿನ ಮೊದಲ ಬಸ್ಸಿಗೆ ಉಮರ್ಗಾ, ಅಲ್ಲಿಂದ ನಿಲಂಗಾ, ದೇವಣಿಯ ಮೇಲೆ ಉದಗೀರ. ಧಾನ್ಯದ ಪೇಟೆಯ ಮುಂದೆ ಬಂಡಿಗಳೂ ಲಾರಿಗಳೂ ದಾರಿ ಕಟ್ಟಿ ನಿಂತಿದ್ದವು. ಸಭೆಗೆ ತಡವಾಗಿಯೇ ಹೋದೆ. ಸೀರೆಯ ಅಂಚಿಗೆ ಎರೆಮಣ್ಣು ಹತ್ತಿತ್ತು. ಯಶಸ್ಸಿನ ಒಂದು ಉದಾಹರಣೆ ಹೇಳಿ ಎಂದು ನನ್ನನ್ನು ಕರೆದರು. ಬರೆದು ತಂದ ಭಾಷಣ ಬಿಟ್ಟು ಗುಂಜೋಟಿಯಲ್ಲಿ ಆದದ್ದನ್ನು ಹೇಳಿದೆ. ವರದಿ ತಪ್ಪಿರಲಿಲ್ಲ, ಹೇಳಿದವಳು ತಪ್ಪಿದ್ದಳು, ಮೆಚ್ಚಿಸಲು ಹೋಗಿ ಅರ್ಧ ಮಾತು ನುಂಗಿದ್ದಳು ಎಂದೆ. ಚಪ್ಪಾಳೆ ಬೀಳಲಿಲ್ಲ. ಇಳಿದು ಬರುವಾಗ ನಮ್ಮ ಸಂಸ್ಥೆಯ ಹಿರಿಯರೊಬ್ಬರು ಮೆಲ್ಲಗೆ, "ಇದನ್ನ ಇಲ್ಲಿ ಹೇಳಬೇಕಿತ್ತೇನಮ್ಮ?" ಎಂದರು.

ಸಂಜೆ ಬೀದರಿನ ಕಡೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ರೈಲು ಉದಗೀರ ಬಿಡುವಾಗ ಮಹಾದೇವಿಯ ಫೋನು ಬಂತು. ಎತ್ತಲು ಅಂಜಿಕೆಯಾಯಿತು. ಎತ್ತಿದೆ.

"ಅಕ್ಕಾರ, ಉಳದಿದ್ದ ತೆನಿ ನಾಳಿ ಅಂಗಳದಾಗ ಒಣಗಾಕ್ಬೇಕಂತೀವಿ. ಹವಾ ಹ್ಯಾಂಗದ?"

ಅಂದಿನ ವರದಿ ತೆಗೆದು ಒಂದಕ್ಷರ ಬಿಡದೆ ಹೇಳಿದೆ. ಮಳೆ ಬರುವುದು ಕಡಿಮೆ, ಆದರೆ ಬರುವುದೇ ಇಲ್ಲ ಎನ್ನಲು ನನಗಾಗದು, ತಾಡಪತ್ರಿ ಕೈಗೆ ಸಿಗುವಂತೆ ಇಟ್ಟುಕೊಂಡು ಹರವಿ ಎಂದೆ.

ಎಲ್ಲ ಕೇಳಿ ಮಹಾದೇವಿ ಅಂದರು, "ಮೊನ್ನಿ ಇಷ್ಟ ಹೇಳಿದ್ರ ಸಾಕಾಗಿತ್ರಿ ಅಕ್ಕಾರ. ಮೈದುನ ಒಬ್ಬಂವಾ ಹಿಂದ ಉಳೀತಿದ್ದ. ಸುವರ್ಣಾನ ಅಪ್ಪ ಹ್ಯಾಂಗೂ ಕುಬಸಕ್ಕ ಬರ್ತಿದ್ರು."