ವೈನಿ ಮೊದಲು ಉಂಡ ಮುಂಜಾನೆ

ಇವತ್ತು ಬೆಳಿಗ್ಗೆ ಹಳೆಯ ಬ್ಯಾಗು ಜಾಡಿಸಿದಾಗ ಮೂಲೆಯಿಂದ ಒಂದು ಜೆಲ್ ಪೊಟ್ಟಣ ಬಿತ್ತು. ದೂರ ಓಡುವವರು ನಡುದಾರಿಯಲ್ಲಿ ಹೀರುವ ಸಿಹಿ ಅದು. ಒಡೆದು, ಅಂಟಂಟಾಗಿ, ಮಾವಿನ ಹೆಸರು ಹೇಳಿಕೊಂಡು ಔಷಧದ ವಾಸನೆ ಬೀರುತ್ತಿತ್ತು. ಕೈ ತೊಳೆದೆ, ಮೂಸಿದೆ, ಮತ್ತೆ ತೊಳೆದೆ. ಕಮಲಾಪುರದ ರಸ್ತೆ ನೆನಪಾಯಿತು. ಆ ದಿನದ್ದನ್ನು ಯಾರಿಗಾದರೂ ಹೇಳದೆ ಬೇರೆ ಕೆಲಸಕ್ಕೆ ಕೈ ಹಚ್ಚಲಾರೆ. ನೀವೇ ಸಿಕ್ಕಿದಿರಿ.

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ ಮಹಾದೇವಿ, ನಲವತ್ತು ದಾಟಿದ ಮೇಲೆ ಓಟಕ್ಕೆ ಬಿದ್ದವಳು. ವೈದ್ಯರು ನಡೆಯಿರಿ ಎಂದಿದ್ದರು. ಕೋಟೆಯ ಸುತ್ತ ನಡೆಯಲು ಹೋದವಳು ಒಂದು ದಿನ ಓಡಿಕೊಂಡೇ ಮನೆಗೆ ಬಂದಳು. ಯಾರು ಬೆನ್ನಟ್ಟಿ ಬಂದರೋ ಎಂದು ಅವ್ವ ಬಾಗಿಲಿಗೆ ಹೋಗಿ ಇಣುಕಿದ್ದಳು. ಕಾಲೇಜಿನಲ್ಲಿ ಪಾಠ ಮಾಡುವ ನಾನು ಸೈಕಲ್ಲಿನ ಮೇಲೆ ವೈನಿಯ ಹಿಂದೆ ಹೋಗುತ್ತಾ, ಓಟಗಾರರು ಯಾವಾಗ ಏನು ತಿನ್ನಬೇಕು, ಎಷ್ಟು ಉಪ್ಪು, ಎಷ್ಟು ಸಕ್ಕರೆ ಎಂದು ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಒಪ್ಪಿಸುತ್ತಿದ್ದೆ. ಓಡುವವಳಿಗಿಂತ ನನಗೇ ದಮ್ಮು ಹತ್ತುತ್ತಿತ್ತು. ಇಷ್ಟೆಲ್ಲ ಬಲ್ಲವಳು ವಾಪಸು ಬರುವಾಗ ಜಗತ್ ಸರ್ಕಲ್ಲಿನಲ್ಲಿ ಮಿರ್ಚಿ ಭಜಿಯ ಬಂಡಿ ಕಂಡರೆ ಸೈಕಲ್ ನಿಲ್ಲಿಸುತ್ತಿದ್ದೆ, ಅದು ಬೇರೆ ಮಾತು.

ಆದರೆ ನಮ್ಮ ಮನೆಯಲ್ಲಿ ಅಡುಗೆ ಮಾಡಿದವರು ಕಡೆಗೆ ಉಣ್ಣುವ ಪದ್ಧತಿ. ಅಣ್ಣ, ಮಕ್ಕಳು, ಬಂದ ಬೀಗರು ಎಲ್ಲರೂ ಎದ್ದ ಮೇಲೆ ಬುಟ್ಟಿಯಲ್ಲಿ ಉಳಿದ ರೊಟ್ಟಿ ವೈನಿಯದು. ಎಲ್ಲರೂ ಮಲಗಿರುವಾಗ ತಾನೊಬ್ಬಳೇ ಕೂತು ತಿನ್ನುವುದೆಂದರೆ ಆಕೆಗೆ ಕಳವು ಮಾಡಿದಂತೆ. "ವೈನಿ, ಏನರ ತಿಂದೀರಿ?" ಎಂದು ಕೇಳಿದಾಗೆಲ್ಲ, "ತಿಂದೀನಿ, ನಡಿ ನಡಿ" ಎನ್ನುವಳು.

ದೊಡ್ಡ ಓಟವೊಂದರ ತಯಾರಿಗೆಂದು ಆ ಭಾನುವಾರ ಕಮಲಾಪುರದ ತನಕ ಹೊರಟೆವು. ಬಿಸಿಲೇರಿತು. ಊರು ಇನ್ನೇನು ಬಂತು ಎನ್ನುವಾಗ ವೈನಿಯ ಕಾಲು ತೊಡರತೊಡಗಿತು. ನಿಂತು, ನನ್ನನ್ನು ಗುರುತೇ ಇಲ್ಲದವಳಂತೆ ನೋಡಿದಳು.

"ಹಾಲ್ ಒಲಿ ಮ್ಯಾಲ್ ಇಟ್ಟ್ ಬಂದೀನಿ. ಉಕ್ಕಲತ್ತದ ನೋಡು," ಎಂದಳು.

ಸುತ್ತ ತೊಗರಿ ಹೊಲ. ಅಲ್ಲೇ ರಸ್ತೆಯಂಚಿಗೆ ಕುಸಿದು ಕೂತಳು. ಮೈಯೆಲ್ಲ ತಣ್ಣನೆ ಬೆವರು. ಜೆಲ್ ಬಾಯಿಗೆ ಹಿಂಡಿದೆ, ಉಗುಳಿಬಿಟ್ಟಳು. ಕಮಲಾಪುರದ ಕೆಂಪು ಬಾಳೆಹಣ್ಣು ಮಾರುತ್ತಿದ್ದ ಹೆಂಗಸೊಬ್ಬಳು ಓಡಿಬಂದು ತಲೆಗೆ ಸೆರಗಿನ ನೆರಳು ಹಿಡಿದಳು. ನಾನು ಹಣ್ಣು ಸುಲಿದು ಚೂರು ಚೂರೇ ತಿನ್ನಿಸಿದೆ. ನನ್ನ ಗಡಿಬಿಡಿಗೆ ಅರ್ಧ ಹಣ್ಣು ಮಣ್ಣುಪಾಲು.

"ಮುಂಜಾನಿ ಏನ್ ತಿಂದಾರ್ರೀ ಇವ್ರು?" ಎಂದಳು ಆ ಹೆಂಗಸು.

ಕಣ್ಣು ತಿಳಿಯಾಗುತ್ತಿದ್ದ ವೈನಿಯೇ ಉತ್ತರ ಕೊಟ್ಟಳು: "ಏನೂ ಇಲ್ಲ. ರಾತ್ರಿ ಬೀಗರು ಬಂದಿದ್ರು. ನನ್ನ ಪಾಳಿ ಬರೂದ್ರಾಗ ರೊಟ್ಟಿ ಮುಗದಿದ್ವು."

ನನಗೆ ಯಾರನ್ನಾದರೂ ಬೈಯಬೇಕೆನಿಸಿತು. ಯಾರನ್ನು? ಹೊಲದ ಕಡೆ ಮುಖ ಮಾಡಿ ನಿಂತೆ.

ಮನೆಗೆ ಬಂದವಳೇ ವೈನಿ ಅವ್ವನ ಮುಂದೆ ಕೂತಳು. "ಅತ್ತಿ, ನಾ ಓಡೂದು ಬಿಡಂಗಿಲ್ಲ. ನಾಳಿಂದ ಮೊದಲ ಉಣ್ತೀನಿ."

"ಗಂಡ ಮಕ್ಕಳು ಏಳೂಕಿಂತ ಮೊದಲ?"

"ಹೌದ್ರೀ."

ಅವ್ವ ಎದ್ದು ಒಳಗೆ ಹೋದಳು. ಮರುದಿನ ಬೆಳಗಿನ ಜಾವ ವೈನಿ ಅಡುಗೆಮನೆಯ ದೀಪ ಹಾಕಿ, ಬಾಗಿಲು ತೆರೆದಿಟ್ಟು, ನಡುಮಧ್ಯೆ ಕೂತು ಹಾಲು ಬೆಲ್ಲದಲ್ಲಿ ರೊಟ್ಟಿ ಮುರಿದು ಉಂಡಳು. ಹೊರಗೆ ಯಾರೋ ಕೆಮ್ಮಿದಾಗ ತುತ್ತು ಒಂದು ಕ್ಷಣ ನಿಂತಿತು, ಮತ್ತೆ ಬಾಯಿಗೆ ಹೋಯಿತು. ಮುಂದೆ ಆ ದೊಡ್ಡ ಓಟವನ್ನೂ ಮುಗಿಸಿದಳು. ಬಹಳ ಜನರ ಹಿಂದೆ ಬಂದಳು, ಆದರೆ ನಗುತ್ತಾ ಬಂದಳು.

ಇದಿಷ್ಟು ನೆನೆಯುತ್ತಾ ಈಗ ಅಡುಗೆಮನೆಗೆ ಬಂದರೆ ಅಲ್ಲಿ ಎರಡು ತಾಟು. ಮಂಡಿನೋವಿನಿಂದ ಅಂಗಳವನ್ನೂ ದಾಟದ ಅವ್ವ, ಇಷ್ಟು ವರ್ಷ ಮಗ, ಮೊಮ್ಮಕ್ಕಳು ಏಳದೆ ತುತ್ತು ಮುಟ್ಟದವಳು, ಗೋಡೆ ಹಿಡಿದು ವೈನಿಯ ಪಕ್ಕ ಬಂದು ಕೂತಿದ್ದಾಳೆ.

"ನೀ ಎಲ್ಲಿಗಿ ಓಡ್ಲಿಕ್ಕಿ ಹೊಂಟೀದಿ, ಯವ್ವಾ?" ಎಂದೆ.

"ಎಲ್ಲಿಗೂ ಇಲ್ಲ. ಹಸಿವಾಗ್ಯದ."

ವೈನಿ ಹೆಂಚಿನಿಂದ ಆಗಷ್ಟೇ ಇಳಿದ ರೊಟ್ಟಿಯನ್ನು ಅವ್ವನ ತಾಟಿಗೆ ಹಾಕಿದಳು.