ಮುಗಿಯದ ಪುಟದ ಕೊನೆ

ಮಾರೀಸ್ ಕೆನೆಲ್ ಕುಳಿತಲ್ಲಿ ಕುಳಿತಿರುವವಳಲ್ಲ. ಮಾಂಟ್ರಿಯಲ್‌ನ ಹೆದ್ದಾರಿ ಪಕ್ಕದ ನಮ್ಮ ಆಫೀಸಿನಲ್ಲಿ ನನ್ನ ಮೇಜಿಗೆ ಒತ್ತಿಕೊಂಡೇ ಅವಳ ಮೇಜಿತ್ತು. ಕಾಲು ಅಲ್ಲಾಡಿಸುವಳು, ಎದ್ದು ಹೋಗಿ ಕಾಫಿ ತಂದು ಕುಡಿಯದೆ ಬಿಡುವಳು. ನಮ್ಮದು ವಯಸ್ಕರ ವಿಡಿಯೊ ತೋರಿಸುವ ಜಾಲತಾಣ. ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಬೆರಳಿಗೆ ಹೇಗೆ ಸಿಗಬೇಕು ಎಂದು ತೀರ್ಮಾನಿಸುವುದು ಅವಳ ಕೆಲಸ. ತಾಯಿಗೆ ಮಾತ್ರ ಅಡುಗೆ ವಿಡಿಯೊಗಳ ಕಂಪನಿ ಎಂದು ಹೇಳಿಬಿಟ್ಟಿದ್ದಳು. ಭಾನುವಾರ ಬಟಾಣಿ ಸೂಪು ಬಡಿಸುತ್ತ ಆಕೆ ಹೊಸ ರುಚಿ ಯಾವುದು ಬಂತು ಎಂದು ಕೇಳಿದರೆ, ಇವಳು ಬಾಯಿಗೆ ಬಂದದ್ದು ಹೇಳಿ ಪಾರಾಗುತ್ತಿದ್ದಳು.

ಪುಟದ ವಿನ್ಯಾಸ ಬದಲಿಸುವ ಮುನ್ನ ಹೊರಗಿನವರನ್ನು ಕರೆಸಿ, ಬಳಸಲು ಸಲೀಸಾಗಿದೆಯೇ ಎಂದು ನೋಡುತ್ತಿದ್ದೆವು. ಚಿತ್ರಗಳ ಜಾಗದಲ್ಲಿ ಬೂದು ಚೌಕಗಳಿರುತ್ತಿದ್ದವು. ಹಾಗೆ ಬಂದವರಲ್ಲಿ ಒಡೀಲ್ ಎಂಬ ಹೆಂಗಸೊಬ್ಬಳು. ದಂತವೈದ್ಯರ ಬಳಿ ಸಹಾಯಕಿ. ಒಳಗೆ ಬೆಚ್ಚಗಿದ್ದರೂ ಕೋಟು ಬಿಚ್ಚಲಿಲ್ಲ. ಮಾರೀಸ್ ಹೇಳಿದ ಕೆಲಸವನ್ನೆಲ್ಲ ಅರ್ಧಕ್ಕೇ ಬಿಟ್ಟು ಪುಟದ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಯುತ್ತಲೇ ಇದ್ದಳು. ಏನು ಹುಡುಕುತ್ತಿದ್ದೀರಿ ಎಂದು ಮಾರೀಸ್ ಕೇಳಿದಳು.

"ತೆಗೀರಿ ಅಂತ ಹೇಳೋ ಜಾಗ," ಎಂದಳು ಒಡೀಲ್. "ಮನೇಲೂ ಹುಡುಕಿದೆ, ಸಿಗ್ಲಿಲ್ಲ. ನನ್ನ ಮಾಜಿ ಗಂಡ ನನ್ನ ವಿಡಿಯೊ ಹಾಕಿದಾನೆ. ನಿಮ್ಮಲ್ಲಿ ಯಾರದಾದ್ರೂ ಮುಖ ನೋಡಿ ಕೇಳ್ಬೇಕಿತ್ತು. ಅದಕ್ಕೇ ಬಂದೆ."

ಹಾಗೆ ಕೇಳಿಕೊಳ್ಳಲು ಒತ್ತಬೇಕಾದ ಕೊಂಡಿ ಇದ್ದದ್ದು ಪುಟದ ಬುಡದಲ್ಲಿ. ಇಳಿದಷ್ಟೂ ಹೊಸ ವಿಡಿಯೊ ಸೇರಿಕೊಂಡು ಪುಟ ಉದ್ದವಾಗುತ್ತಿದ್ದರಿಂದ ಬುಡ ಯಾರಿಗೂ ಸಿಗುತ್ತಿರಲಿಲ್ಲ. ಆ ಮುಗಿಯದ ಪುಟ ಮಾರೀಸಳದೇ ಕೈಕೆಲಸ. ಅದನ್ನು ಮೆಚ್ಚಿ ಕಂಪನಿ ಕೇಕು ತರಿಸಿತ್ತು.

ದೂರು ಬಂದ ವಿಡಿಯೊಗಳನ್ನು ತೆಗೆದುಹಾಕುವ ವಿಭಾಗದವರ ಬೆನ್ನ ಹಿಂದೆಯೇ ನಿಂತು ಅವಳು ಆ ವಿಡಿಯೊ ತೆಗೆಸಿದಳು. ಆಮೇಲೂ ಸಮಾಧಾನವಿಲ್ಲ. ವಿಡಿಯೊದ ಕೆಳಗೇ, ಮೆಚ್ಚುಗೆಯ ಗುಂಡಿಯಷ್ಟೇ ದೊಡ್ಡದಾಗಿ ದೂರಿನ ಗುಂಡಿ ಬರೆದು ನಮ್ಮ ಮುಖ್ಯಸ್ಥ ರೇಜಾಂಗೆ ತೋರಿಸಿದಳು.

"ನೋಡೋರ ಮೂಡ್ ಕೆಡುತ್ತೆ ಕಣಮ್ಮ," ಎಂದ ಅವನು. "ತಮಾಷೆಗೂ ಒತ್ತುತಾರೆ. ಅದನ್ನೆಲ್ಲ ಓದೋಕೆ ನಿಮ್ಮಮ್ಮನ್ನ ಕರ್ಕೊಂಡ್ ಬರ್ತೀಯಾ?"

ಅವನು ಹೇಳಿದ್ದು ಬರೀ ಕುಚೋದ್ಯಕ್ಕೆ. ಆದರೆ ಆ ಭಾನುವಾರ ಮಾರೀಸ್ ತಾಯಿಯ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು. ಆಕೆ ಒಲೆ ಆರಿಸಿ ಕೇಳಿದಳಂತೆ:

"ಆ ಹೆಂಗಸಿಂದು ಹೋಯ್ತಾ?"

"ಹೋಯ್ತು."

"ಮಿಕ್ಕೋರದು?"

ಸೋಮವಾರ ಮಾರೀಸ್ ಕೋಟಿನಲ್ಲೇ ರೇಜಾಂನ ಕೋಣೆಗೆ ಹೋದಳು. ಗುಂಡಿ ಬರುವ ತನಕ ಇನ್ನೊಂದು ಪುಟ ಬರೆಯುವುದಿಲ್ಲ ಎಂದಳು. ಗಾಜಿನಾಚೆ ಅವನು ಕೈ ಬೀಸಿ ಮಾತಾಡುತ್ತಿದ್ದುದು, ಇವಳು ಕೂರದೆ ಅತ್ತಿಂದಿತ್ತ ಓಡಾಡುತ್ತಿದ್ದುದು ನಮಗೆ ಕಾಣುತ್ತಿತ್ತು. ಕೊನೆಗೆ ದೊಡ್ಡ ಗುಂಡಿಯ ಬದಲು, ಒತ್ತಬಹುದಾದ ಸಣ್ಣದೊಂದು ಬೂದು ಬಾವುಟದ ಚಿಹ್ನೆಗೆ ಅವನು ಒಪ್ಪಿದ. ಜತೆಗೆ 'ದೂರು' ಎಂಬ ಪದವೂ ಇರಲೇಬೇಕೆಂದು ಅವಳು ಹಟ ಹಿಡಿದು ಉಳಿಸಿಕೊಂಡಳು.

ದೂರುಗಳು ರಾಶಿ ಬಿದ್ದವು. ಹೆಚ್ಚಿನವು ಕಿಡಿಗೇಡಿತನ, ಎಲ್ಲವೂ ಅಲ್ಲ. ಬೇಸಿಗೆಯಲ್ಲಿ ಒಡೀಲಳ ವಿಡಿಯೊವನ್ನು ಇನ್ಯಾರೋ ಬೇರೆ ಹೆಸರಿನಲ್ಲಿ ಮತ್ತೆ ಹಾಕಿದರು. ಈ ಸಲ ಅವಳೇ ಬಾವುಟ ಒತ್ತಿ ತೆಗೆಸಿದಳು. ಆ ಸುದ್ದಿ ಕೇಳಿದ ಮಾರೀಸಳಿಗೆ ಹಿಗ್ಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೊದಲ ಹಿಮ ಬೀಳುವ ಮುಂಚೆ ಮಾರೀಸ್ ಕೆಲಸ ಬಿಟ್ಟಳು. ಈಗ ಮೆಟ್ರೊ ಟಿಕೆಟ್ ಯಂತ್ರಗಳ ಪರದೆ ಬರೆಯುತ್ತಾಳೆ. ಅವಳ ಮೇಜಿಗೆ ಬಂದ ಹುಡುಗ ಬಾವುಟವನ್ನು ಇನ್ನೂ ಸಣ್ಣದು ಮಾಡಲೇ ಎಂದು ನನ್ನನ್ನು ಕೇಳಿದ. ಬೇಡ ಎಂದೆ.