ಕೋಟಿನ ಒಳಜೇಬು

ಬೀದಿಯವರೆಲ್ಲ ಅವಳನ್ನು ಕತ್ತರಿಯಕ್ಕ ಅನ್ನುತ್ತಿದ್ದರು. ದರ್ಜಿ ಕೆಲಸದವಳೆಂದು ಹಾಗೆ ಕರೆಯುವವರು ಅರ್ಧ, ಅವಳ ನಾಲಿಗೆಗೆ ಹೆದರಿ ಕರೆಯುವವರು ಅರ್ಧ. ಐವತ್ತು ದಾಟಿದ ಹೆಂಗಸು. ಹಿಂದೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ದುಡಿದಿದ್ದಳು. ಪಕ್ಕದ ಮಷಿನ್ನಿನವಳ ಬೆರಳಿಗೆ ಸೂಜಿ ಇಳಿದಾಗ, ತಪ್ಪು ಅವಳದೇ ಎಂದು ಬರೆದ ಕಾಗದಕ್ಕೆ ಸಾಕ್ಷಿ ಸಹಿ ಹಾಕು ಅಂದರು ಮಾಲೀಕರು. "ಸೂಜಿಗೆ ಅಡ್ಡ ಇದ್ದ ತಗಡು ಬಿಚ್ಚಿಸಿದ್ದು ನೀವು, ಬೆರಳು ಹೋಗಿದ್ದು ಅವಳದು, ಸುಳ್ಳು ಹೇಳೋಕೆ ನಾನಾ?" ಎಂದು ಎದ್ದು ಬಂದವಳು ಮತ್ತೆ ಅತ್ತ ತಲೆ ಹಾಕಲಿಲ್ಲ. ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವ ಜಾಗದಲ್ಲಿ, ಹಳೆಯ ಮಷಿನ್ ಇಟ್ಟುಕೊಂಡು ಉದ್ದ ಮೋಟು ಮಾಡುತ್ತ, ಹರಿದದ್ದನ್ನು ಸೇರಿಸುತ್ತ ಬದುಕಿದ್ದಳು.

ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಸೋಫಾ ಹೊಲಿಯುವವನ ಸಂಸಾರವಿತ್ತು. ಹೆಂಡತಿಗೆ ಮೊದಲ ಮದುವೆಯ ಮಗಳೊಬ್ಬಳು, ಹದಿನಾರರವಳು. ಒಂದು ಮಂಗಳವಾರ ಶಾಲೆಗೆ ಹೋದ ಹುಡುಗಿ ಮನೆಗೆ ಬರಲಿಲ್ಲ. ಮೂರನೇ ದಿನ ಅವಳ ನೀಲಿ ಕೋಟು ಕಾಲುವೆ ದಂಡೆಯ ಪೊದೆಯಲ್ಲಿ ಸಿಕ್ಕಿತು. ಅದರ ಫೋಟೋ ಠಾಣೆಯಿಂದ ಹೇಗೋ ಸೋರಿ, ಸಂಜೆಯೊಳಗೆ ಎಲ್ಲರ ಫೋನಿಗೂ ಬಂದು ಕೂತಿತು.

ಬೀದಿಯ ತುದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದವರೊಬ್ಬರಿದ್ದರು. ಬಿಡುವಿನಲ್ಲಿ ವಿಡಿಯೋ ಮಾಡುವ ಗೀಳು. ಅದುವರೆಗೆ ಕಣ್ಣಿನ ಆರೈಕೆ ಬಗ್ಗೆ ಮಾತಾಡುತ್ತಿದ್ದಾಗ ನೋಡುವವರು ಬೆರಳೆಣಿಕೆಯಷ್ಟು. ಈಗ ಕೋಟಿನ ಫೋಟೋವನ್ನು ಹಿಗ್ಗಿಸಿ, ಕಡ್ಡಿ ಹಿಡಿದು ತೋರಿಸತೊಡಗಿದರು. "ನೋಡಿ, ಲೈನಿಂಗ್ ಬಟ್ಟೆ ನೇರವಾಗಿ ಸೀಳಿದೆ. ಇದು ಚಾಕುವಿನ ಕೆಲಸ. ತೋಳಿನ ಒಳಗೆ ಕಂದು ಕಲೆ. ಏನಿರಬಹುದು, ನೀವೇ ಹೇಳಿ. ಎರಡನೇ ಗುಂಡಿಯ ದಾರ ಬೇರೆ. ಎಳೆದಾಟದಲ್ಲಿ ಕಿತ್ತದ್ದನ್ನು ಯಾರೋ ಮತ್ತೆ ಹೊಲಿದಿದ್ದಾರೆ. ಆ ಮನೆಯಲ್ಲಿ ಸೂಜಿ ಹಿಡಿಯೋ ಕೈ ಯಾರದು?"

ಸೋಫಾ ಹೊಲಿಯುವವನದು! ಹೆಸರು ಹೇಳಬೇಕಾಗಿಯೇ ಇರಲಿಲ್ಲ. ಮಲತಂದೆ ಬೇರೆ. ಮಾರನೇ ದಿನ ಅವನ ಅಂಗಡಿಯ ಗಾಜಿಗೆ ಕಲ್ಲು ಬಿತ್ತು. ಅವನು ಬಾಗಿಲು ಹಾಕಿ ಮನೆಯಲ್ಲಿ ಕೂತರೆ "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ" ಅಂದರು. ಹುಡುಕಲು ಹೊರಗೆ ಬಂದರೆ "ಎಂಥಾ ನಾಟಕ" ಅಂದರು. ಪೊಲೀಸರೂ ಅವನನ್ನೇ ದಿನಕ್ಕೆರಡು ಸಲ ಕರೆಸತೊಡಗಿದರು.

ಕತ್ತರಿಯಕ್ಕ ಆ ವಿಡಿಯೋ ನೋಡಿದ್ದು ತಮ್ಮನ ಫೋನಿನಲ್ಲಿ. ಮುಗಿದದ್ದೇ ಮತ್ತೊಮ್ಮೆ ಹಾಕಿಸಿ ನೋಡಿದಳು. ಆ ಮೂರೂ ಅವಳದೇ ಕೆಲಸ! ಗುಂಡಿ ಹಚ್ಚುವಾಗ ನೀಲಿ ದಾರ ಮುಗಿದು ಕಪ್ಪು ಹಾಕಿದ್ದಳು. ಕಲೆ ಅವಳ ಮಷಿನ್ನಿನ ಎಣ್ಣೆಯದು. ಸೀಳು ಚಾಕುವಿನದಲ್ಲ, ಅದು ಒಳಜೇಬಿನ ಬಾಯಿ. ಹೋದ ತಿಂಗಳು ಹುಡುಗಿ ತಾನಾಗಿ ಬಂದು, "ಅಕ್ಕಾ, ಯಾರಿಗೂ ಕಾಣದ ಹಾಗೆ ಒಂದು ಜೇಬು ಬೇಕು" ಎಂದು ಅಳತೆಗೆ ಹಳೆಯ ಲಕೋಟೆಯೊಂದನ್ನು ಕೊಟ್ಟಿದ್ದಳು. "ಅಮ್ಮನಿಗೆ ಹೇಳಬಾರದು, ಆಣೆ ಮಾಡಿ" ಅಂದಿದ್ದಳು. ಕತ್ತರಿಯಕ್ಕ ನಕ್ಕು ಆಣೆ ಮಾಡಿದ್ದಳು. ಆ ವಯಸ್ಸಿನಲ್ಲಿ ಲಕೋಟೆ ಅಂದರೆ ಪ್ರೇಮಪತ್ರ, ಇನ್ನೇನಿರುತ್ತೆ ಅಂದುಕೊಂಡಿದ್ದಳು.

"ನಿನಗ್ಯಾಕೆ ಇಲ್ಲದ ಉಸಾಬರಿ?" ತಮ್ಮ ಅಡ್ಡ ನಿಂತ. "ಗುಟ್ಟಿನ ಜೇಬು ಹೊಲಿದವಳು ನೀನು ಅಂತಾದ್ರೆ ನಾಳೆ ನಿನ್ನ ಮೇಲೇ ಬರ್ತಾರೆ. ಸುಮ್ನಿರಕ್ಕ."

"ಬರ್ಲಿ ಬಿಡೋ. ನಾನು ಎಲ್ಲಿ ಕೂತಿರ್ತೀನಿ ಅಂತ ಎಲ್ಲರಿಗೂ ಗೊತ್ತಿದೆ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಹೋಗಿ ಕೂತಳು. ಆಮೇಲೆ ಬಾ ಅಂದರು. ಏಳಲಿಲ್ಲ. ಬರೆದು ಕೊಟ್ಟು ಹೋಗು ಅಂದರು. "ಬರೆಯೋಕೆ ಬರುತ್ತೆ, ಆದ್ರೆ ಹೊಲಿಗೆನ ಬಿಚ್ಚಿ ತೋರಿಸಬೇಕು" ಅಂದಳು. ಮಧ್ಯಾಹ್ನ ಮೂರಕ್ಕೆ ಇನ್‌ಸ್ಪೆಕ್ಟರ್ ಸೋತು ಕೋಟು ತರಿಸಿದರು. ಅವಳು ಲೈನಿಂಗ್ ಮಡಚಿ ತೋರಿಸಿದಳು. ಸೀಳಿನ ಅಂಚಿಗೆ ಸುತ್ತ ಸಣ್ಣ ಕೈಹೊಲಿಗೆ, ಒಳಗೆ ಚೀಲ.

"ಚಾಕು ಹಾಕೋನು ಅಂಚು ಮಡಚಿ ಹೊಲಿದು ಹೋಗ್ತಾನಾ ಸಾರ್? ಇದು ನನ್ನ ಕೈ. ಕಲೆನ ಮೂಸಿ ನೋಡಿ, ಎಣ್ಣೆ."

"ಇಷ್ಟು ದಿನ ಯಾಕಮ್ಮ ಬಾಯಿ ಬಿಡಲಿಲ್ಲ?"

"ಆಣೆ ಮಾಡಿದ್ದೆ. ತಪ್ಪು ಮಾಡಿದೆ. ಅದನ್ನೂ ಬರ್ಕೊಳ್ಳಿ."

ಲಕೋಟೆ ಎಂದ ಕೂಡಲೇ, ಪಕ್ಕದ ಕೋಣೆಯಲ್ಲಿದ್ದ ಹುಡುಗಿಯ ತಾಯಿಯನ್ನು ಕರೆಸಿದರು. ಅವಳ ಮುಖ ಬಿಳಿಚಿತು. ಬಿಟ್ಟುಹೋದ ಮೊದಲ ಗಂಡ ಎಂದೋ ಬರೆದ ಕಾಗದವನ್ನು ಬೀರುವಿನ ತಳದಲ್ಲಿ ಇಟ್ಟಿದ್ದಳಂತೆ. ಮಗಳಿಗೆ ಮಾತ್ರ, ನಿನ್ನಪ್ಪ ಸತ್ತುಹೋದ ಎಂದು ಹೇಳಿ ಬೆಳೆಸಿದ್ದಳು. ಮನೆಗೆ ಓಡಿ ನೋಡಿದರೆ ಕಾಗದ ಇರಲಿಲ್ಲ.

ಕತ್ತರಿಯಕ್ಕ ಅಲ್ಲಿಗೇ ನಿಲ್ಲಲಿಲ್ಲ. ಠಾಣೆಯಿಂದ ನೇರ ಕನ್ನಡಕದ ಅಂಗಡಿಗೆ ನಡೆದಳು. ಅವರು ಆಗಲೇ ಫೋನನ್ನು ಕಡ್ಡಿಗೆ ಸಿಕ್ಕಿಸಿ ನೇರಪ್ರಸಾರ ಶುರು ಮಾಡಿದ್ದರು.

"ಆ ಜೇಬು ಹೊಲಿದವಳು ನಾನು," ಅಂದಳು ಫೋನಿನ ಮುಂದೆ ಬಂದು. "ಗುಂಡಿ ಹಚ್ಚಿದವಳೂ ನಾನೇ, ಎಣ್ಣೆ ಚೆಲ್ಲಿದವಳೂ ನಾನೇ. ಠಾಣೇಲಿ ಬರೆಸಿ ಬಂದಿದೀನಿ. ಕೇಳೋದಿದ್ರೆ ನನ್ನ ಕೇಳಿ, ಆ ಮನುಷ್ಯನ್ನ ಬಿಡಿ."

"ಅಮ್ಮಾ, ನಾವು ಸಾಧ್ಯತೆ ಹೇಳ್ತಿದೀವಿ ಅಷ್ಟೇ. ಯಾರ ಹೆಸರೂ ತಗೊಂಡಿಲ್ಲ."

"ಹೆಸರು ತಗೊಳ್ಳದೆ ಕಲ್ಲು ಹೊಡೆಸಿದೀರಲ್ಲ, ಅದೇ ನಿಮ್ಮ ಜಾಣತನ! ಫೋಟೋದಲ್ಲಿ ಹೊಲಿಗೆ ಗುರುತಿಸೋಕೆ ಬರದಿದ್ರೆ ಕಣ್ಣು ತೋರಿಸ್ಕೊಳ್ಳಿ. ಅಂಗಡಿ ನಿಮ್ಮದೇ ಇದೆ."

ಆ ಮಾತಿಗೆ ನಕ್ಕವರಿಗಿಂತ ಉರಿದುಬಿದ್ದವರೇ ಹೆಚ್ಚು. ಇವಳೂ ಪಾಲುದಾರಳು, ಹುಡುಗಿಯನ್ನು ಓಡಿಸಿದವಳೇ ಇವಳು ಎಂದು ಅಂದೇ ಮತ್ತೊಂದು ಕತೆ ಹುಟ್ಟಿತು. ಹೊಲಿಯಲು ಕೊಟ್ಟ ಬಟ್ಟೆಗಳನ್ನು ಅರ್ಧಂಬರ್ಧದಲ್ಲೇ ವಾಪಸ್ ಒಯ್ದರು. ಯಾರೋ ಅವಳ ಮೆಟ್ಟಿಲಿಗೆ ಕಪ್ಪು ಬಣ್ಣ ಸುರಿದರು. ಅವಳು ಒರೆಸಲಿಲ್ಲ. "ಸುರಿದೋರೇ ಬಂದು ಒರೆಸಲಿ" ಎಂದು ಅದನ್ನು ದಾಟಿಯೇ ಓಡಾಡಿದಳು. ಕೆಲಸವಿಲ್ಲದ ಆ ದಿನಗಳಲ್ಲಿ ಸೋಫಾದವನನ್ನು ಜೊತೆಗೆ ಕರೆದುಕೊಂಡು, ಹಾಡುಹಗಲಲ್ಲಿ ಬೀದಿಯ ನಟ್ಟನಡುವೆ, ಹುಡುಗಿಯ ಚಿತ್ರವಿರುವ ಕಾಗದ ಅಂಟಿಸುತ್ತ ನಡೆದಳು. ಕನ್ನಡಕದ ಅಂಗಡಿಯ ಎದುರಿನ ಕಂಬಕ್ಕೆ ಎರಡು ಅಂಟಿಸಿದಳು.

ಹತ್ತೊಂಬತ್ತನೇ ದಿನ ಹುಡುಗಿ ಸಿಕ್ಕಿದಳು. ಕಾಗದದ ಮೇಲಿದ್ದ ಊರಿನ ಹೆಸರನ್ನು ತಾಯಿ ನೆನಪು ಮಾಡಿಕೊಂಡು ಹೇಳಿದ್ದರಿಂದ ಪೊಲೀಸರು ಅಲ್ಲಿ ಮನೆಮನೆ ವಿಚಾರಿಸಿದ್ದರು. ಅಪ್ಪ ಆ ಊರು ಬಿಟ್ಟು ಎಲ್ಲೋ ಹೊರಟುಹೋಗಿದ್ದ, ಹುಡುಗಿ ಸೋದರತ್ತೆಯ ಮನೆಯಲ್ಲಿದ್ದಳು. ಅಮ್ಮನೇ ಕಳಿಸಿದ್ದು ಎಂದು ಹುಡುಗಿ ಸುಳ್ಳು ಹೇಳಿದ್ದನ್ನು ಆ ಮುದುಕಿ ನಂಬಿದ್ದಳು. ಹೊರಟ ದಿನ ಹುಡುಗಿ ಕೋಟನ್ನು ಬಸ್ ನಿಲ್ದಾಣದ ಬಚ್ಚಲಿನ ಮೊಳೆಗೆ ನೇತುಹಾಕಿ, ಕಾಗದ ತೆಗೆದುಕೊಂಡು, ಬಸ್ಸು ಹೊರಟಿತೆಂಬ ಅವಸರದಲ್ಲಿ ಮರೆತಿದ್ದಳು. ಅದನ್ನು ಕಾಲುವೆಗೆ ಯಾರು ಒಯ್ದರೋ ಕೊನೆಗೂ ತಿಳಿಯಲಿಲ್ಲ.

ಕನ್ನಡಕದವರು "ಕೋಟೇ ಮುಖ್ಯ ಸುಳಿವು ಅಂತ ನಾವು ಮೊದಲೇ ಹೇಳಿದ್ದೆವು" ಎಂದು ಇನ್ನೊಂದು ವಿಡಿಯೋ ಹಾಕಿದರು. ತಪ್ಪಾಯಿತೆಂದು ಸೋಫಾದವನಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಒಡೆದ ಗಾಜಿನ ಜಾಗಕ್ಕೆ ರಟ್ಟು ಹೊಡೆದು ಅವನು ಅಂಗಡಿ ತೆರೆದ.

ವಾರದ ನಂತರ ಹುಡುಗಿ ಮೆಟ್ಟಿಲ ಕೆಳಗೆ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ಆಣೆ ಮಾಡಿದ್ರಿ. ನಿಮ್ಮಿಂದಲೇ ನಾನು ಸಿಕ್ಕಿಬಿದ್ದೆ. ಇನ್ನೆರಡು ದಿನ ಬಿಟ್ಟಿದ್ರೆ ಅಪ್ಪನ ವಿಳಾಸ ಸಿಗ್ತಿತ್ತು."

ಕತ್ತರಿಯಕ್ಕ ಮಷಿನ್ ನಿಲ್ಲಿಸಿದಳು. "ಹೌದು, ಆಣೆ ಮುರಿದೆ. ನಾಳೆ ಅಂಥದೇ ಹೊತ್ತು ಬಂದ್ರೂ ಮುರೀತೀನಿ. ನಿನ್ನ ಗುಟ್ಟು ದೊಡ್ಡದೇ ಇರಬಹುದು ಮಗಳೇ, ಆದ್ರೆ ಮೇಲಿನ ಮಹಡೀಲಿ ಒಬ್ಬ ಮನುಷ್ಯ ಸಾಯ್ತಿದ್ದ. ಬೈಯೋದಿದ್ರೆ ಬೈದು ಹೋಗು, ಕೇಳಿಸ್ಕೋತೀನಿ."

ಹುಡುಗಿ ಧಡಧಡ ಮೆಟ್ಟಿಲು ಹತ್ತಿ ಹೋದಳು. ಮುಂದಿನ ನಾಲ್ಕು ತಿಂಗಳು ಅವಳು ಕತ್ತರಿಯಕ್ಕನ ಮುಖ ನೋಡದೆ ಓಡಾಡಿದಳು. ಕತ್ತರಿಯಕ್ಕ ಮಾತ್ರ ಪ್ರತಿ ಬೆಳಿಗ್ಗೆ, ಅವಳು ಇಳಿದು ಹೋಗುವಾಗ, ತಲೆಯೆತ್ತಿ ನೋಡಿಯೇ ನೋಡಿದಳು.